ಅಪ್‌ಡೇಟ್: ಕಿವಿಗೆ ಚುಚ್ಚುತ್ತಿದ್ದ ಡ್ರಮ್ಸ್ ಈಗ ಮೆತ್ತಗಾಗಿದೆ

ನನ್ನ ಹಾಡಿನ ಮಿಕ್ಸ್‌ನಲ್ಲಿ ಹೈ-ಹ್ಯಾಟ್ (ಡ್ರಮ್ ಸೆಟ್‌ನ ಜೋಡಿ ತಾಳದ ತಟ್ಟೆ), ಸ್ನೇರ್ (ಚಟೀರ್ ಎನ್ನುವ ಡ್ರಮ್) ಎರಡೂ ಕಿವಿಗೆ ಚುಚ್ಚುತ್ತಿವೆ, ಇಕ್ಯೂನಲ್ಲಿ (ಬೇಕಾದ ಫ್ರೀಕ್ವೆನ್ಸಿಗಳನ್ನು ಏರಿಸಿ ಇಳಿಸುವ ಟೂಲ್) ತಗ್ಗಿಸಿದರೆ ಡ್ರಮ್ಸ್ ಪೂರ್ತಿ ಮಂಕಾಗುತ್ತದೆ ಎಂದು ಕೇಳಿದ್ದೆ ಅಲ್ವಾ? ಈಗ ಸರಿಹೋಗಿದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಹೈ-ಹ್ಯಾಟ್‌ಗೆ ಡೈನಾಮಿಕ್ ಇಕ್ಯೂ ಸಾಕಾಯಿತು. 7 ಕಿಲೋಹರ್ಟ್ಸ್ ಸುತ್ತಲಿನ ಫ್ರೀಕ್ವೆನ್ಸಿಗಳಿಗೆ ಮಾತ್ರ ತಾಗುವ ಒಂದು ಬ್ಯಾಂಡ್ ಇಟ್ಟೆ. ಪೆಟ್ಟು ಜೋರಾಗಿ ಬಿದ್ದಾಗ ಮಾತ್ರ ಅದು 3-4 ಡೆಸಿಬಲ್ ತಗ್ಗಿಸುತ್ತದೆ, ಉಳಿದ ಹೊತ್ತು ಸುಮ್ನೆ ಇರುತ್ತದೆ. ಹಾಗಾಗಿ ಹೊಳಪು ಉಳಿಯಿತು.

ಸ್ನೇರ್‌ನ ತೊಂದರೆ ಬೇರೆ. ಜೋರಾದ ಸದ್ದನ್ನು ತಗ್ಗಿಸುವ ಕಂಪ್ರೆಸರ್‌ನ ಅಟ್ಯಾಕ್ (ತಗ್ಗಿಸಲು ಅದು ತೆಗೆದುಕೊಳ್ಳುವ ಸಮಯ) ನಿಧಾನವಿದ್ದರೆ ಪೆಟ್ಟಿನ ಮೊನೆ ಹಾಗೇ ದಾಟಿ ಬರುತ್ತದೆ. 30 ಮಿಲಿಸೆಕೆಂಡ್‌ನಿಂದ 3ಕ್ಕೆ ಇಳಿಸಿ, ಸ್ವಲ್ಪ ಟೇಪ್ ಸ್ಯಾಚುರೇಶನ್ (ಹಳೇ ಟೇಪ್ ರೆಕಾರ್ಡಿಂಗ್‌ನಂಥ ಎಫೆಕ್ಟ್) ಸೇರಿಸಿದೆ. ಸದ್ದು ದುಂಡಗಾಯಿತು. ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದೇ.

ಇನ್ನೊಂದು, ಸೋಲೋ ಮಾಡಿ, ಅಂದರೆ ಆ ಒಂದು ವಾದ್ಯವನ್ನಷ್ಟೇ ಕೇಳಿ, ತೀರ್ಮಾನಿಸಬೇಡಿ. ಹಾಡಿನ ಜೊತೆಗೇ ಕೇಳಿ. ರಿವರ್ಬ್‌ಗೆ (ದೊಡ್ಡ ಕೋಣೆಯಲ್ಲಿ ಮೊಳಗಿದಂತೆ ಮಾಡುವ ಎಫೆಕ್ಟ್) ಹೋಗುವ ಸದ್ದಿನಲ್ಲೂ ಮೇಲಿನ ಫ್ರೀಕ್ವೆನ್ಸಿಗಳನ್ನು ಕತ್ತರಿಸಿ, ಅಲ್ಲೂ ಚುಚ್ಚುವ ಸದ್ದು ಅಡಗಿರುತ್ತದೆ.