ಶೂ ‘ವೇರ್’ ಮಾಡುವುದೋ, ‘ಪುಟ್ ಆನ್’ ಮಾಡುವುದೋ?

ಪುಟ್ಟಿ, ದೊಡ್ಡಮ್ಮ ಇದು. ವಾಯ್ಸ್ ಕಳಿಸುವ ಅಂತಲೇ ಕೂತೆ. ಆದರೆ ಉಡುಪಿಯಲ್ಲಿ ಬೆಳಗ್ಗಿನಿಂದ ಬಿಡದೆ ಮಳೆ, ಹಂಚಿನ ಮೇಲೆ ಬೀಳುವ ಸದ್ದಿಗೆ ನನ್ನ ಮಾತು ನನಗೇ ಕೇಳುವುದಿಲ್ಲ. ಹಾಗಾಗಿ ಬರೆದೇ ಹಾಕುತ್ತೇನೆ. ಉದ್ದ ಆಗುತ್ತದೆ, ನಿಧಾನ ಓದು.

ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ಗ್ರೂಪಿಗೆ ಉತ್ತರ ಪತ್ರಿಕೆಯ ಫೋಟೋ ಹಾಕಿದ್ದೆ ಅಲ್ವಾ. ‘ವೇಟ್, ಐ ಆ್ಯಮ್ ವೇರಿಂಗ್ ಮೈ ಶೂಸ್’ ಅಂತ ಬರೆದದ್ದಕ್ಕೆ ಟೀಚರ್ ಕೆಂಪು ಗೆರೆ ಎಳೆದು ‘ಪುಟಿಂಗ್ ಆನ್’ ಅಂತ ತಿದ್ದಿದ್ದಾರೆ. ಅರ್ಧ ಮಾರ್ಕು ಹೋಗಿದೆ. ಎರಡರ ಅರ್ಥವೂ ಒಂದೇ ಅಲ್ವಾ ಅಂತ ನಿನ್ನ ಪ್ರಶ್ನೆ. ಚಿಕ್ಕಪ್ಪ ಡಿಕ್ಷನರಿ ನೋಡಿ, ಇದೇ ಅರ್ಥದ ಶಬ್ದಗಳ ಪಟ್ಟಿ ಹಾಕಿ, ಒಂದೇ ಅಂದರು. ಮಾವ ಅಂತೂ ಶಾಲೆಗೆ ಹೋಗಿ ಕೇಳುವ ಅಂತ ಹೊರಟೇ ಬಿಟ್ಟರು.

ಮಾವಾ, ಹೋಗಬೇಡಿ. ಟೀಚರ್ ತಿದ್ದಿದ್ದು ಸರಿಯೇ. ಯಾಕೆ ಅಂತ ಮಗುವಿಗೆ ಎರಡು ಮಾತು ಹೇಳಬೇಕಿತ್ತು, ಅಷ್ಟೇ. ಇಷ್ಟು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟವಳು ನಾನು. ಪ್ರತಿ ವರ್ಷ ಒಬ್ಬರಾದರೂ ಇದೇ ಜಾಗದಲ್ಲಿ ಎಡವುತ್ತಿದ್ದರು. ಮಕ್ಕಳು ದಡ್ಡರು ಅಂತ ಅಲ್ಲ. ನಾವು ಕನ್ನಡದಲ್ಲಿ ಎರಡಕ್ಕೂ ‘ಹಾಕು’ ಅನ್ನುತ್ತೇವಲ್ಲ, ಅದರಿಂದ.

ನೋಡು ಪುಟ್ಟಿ. ನೀನು ಜಗಲಿಯಲ್ಲಿ ಕೂತು ಶೂಗೆ ಕಾಲು ತುರುಕುತ್ತಾ ಲೇಸು ಕಟ್ಟುತ್ತಿದ್ದೀ. ಆ ಒಂದು ನಿಮಿಷದ ಕೆಲಸ ‘ಪುಟ್ ಆನ್’. ಲೇಸು ಕಟ್ಟಿ ಆಯಿತು, ಎದ್ದು ಗೇಟು ದಾಟಿ ಬಸ್ ಹತ್ತಿದೆ, ಸಂಜೆ ನಾಲ್ಕಕ್ಕೆ ಮನೆಗೆ ಬಂದೆ. ಅಷ್ಟು ಹೊತ್ತೂ ಶೂ ಕಾಲಲ್ಲಿ ಇತ್ತಲ್ಲ, ಅದು ‘ವೇರ್’. ಕೆಲಸ ಬೇರೆ, ಕೆಲಸ ಮುಗಿದ ಮೇಲಿನ ಸ್ಥಿತಿ ಬೇರೆ. ‘ವೇಟ್’ ಅಂತ ಇನ್ನೊಬ್ಬರನ್ನು ನಿಲ್ಲಿಸಿದ್ದು ಯಾಕೆ? ಶೂ ಇನ್ನೂ ಕಾಲಿಗೆ ಏರುತ್ತಾ ಇದೆ ಅಂತ ತಾನೇ? ಅದಕ್ಕೇ ಅಲ್ಲಿ ‘ಪುಟಿಂಗ್ ಆನ್’ ಬೇಕು.

ಇದು ನಮ್ಮ ಮಾತಲ್ಲೂ ಇದೆ, ಕ್ರಿಯಾಪದದ ಬಾಲದಲ್ಲಿ ಕೂತಿದೆ. ‘ಅಜ್ಜಿ ಸೀರೆ ಉಡುತ್ತಿದ್ದಾರೆ’ ಅಂದರೆ ಕೋಣೆಯ ಬಾಗಿಲು ಹಾಕಿದೆ, ನೀನು ಹೊರಗೆ ಕಾಯಬೇಕು. ‘ಅಜ್ಜಿ ಸೀರೆ ಉಟ್ಟಿದ್ದಾರೆ’ ಅಂದರೆ ಅಜ್ಜಿ ರೆಡಿ, ಆಟೋ ಕರೆಯಬಹುದು. ಮೊದಲನೆಯದು ‘ಪುಟಿಂಗ್ ಆನ್’, ಎರಡನೆಯದು ‘ವೇರಿಂಗ್’. ಸಂಶಯ ಬಂದಾಗ ಕನ್ನಡದಲ್ಲಿ ಒಮ್ಮೆ ಹೇಳಿ ನೋಡು. ‘ಉತ್ತಿದ್ದಾರೆ’ ಬಂತೋ, ಬರೀ ‘ಇದ್ದಾರೆ’ ಬಂತೋ ಅಂತ ಕಿವಿಗೊಡು. ‘ಇಂಗ್’ ಕಂಡ ಕೂಡಲೇ ‘ಉತ್ತಿದ್ದಾರೆ’ ಅಂತ ತಿರುಗಿಸುವ ಅಭ್ಯಾಸವೇ ನಿನಗೆ ತೊಂದರೆ ಕೊಟ್ಟದ್ದು. ‘ಶೀ ಈಸ್ ವೇರಿಂಗ್ ಅ ಸ್ಯಾರಿ’ಗೆ ಸರಿಯಾದ ಕನ್ನಡ ‘ಸೀರೆ ಉಟ್ಟಿದ್ದಾಳೆ’. ನಾಳೆ ಮದುವೆಗೆ ಯಾವುದು ಉಡುತ್ತೀ ಅಂತ ಕೇಳುವಾಗಲೂ ‘ವಾಟ್ ಆರ್ ಯು ವೇರಿಂಗ್ ಟುಮಾರೋ’ ಅನ್ನುತ್ತಾರೆ, ಅದೊಂದು ನೆನಪಿರಲಿ.

ಇನ್ನೊಂದು ಪರೀಕ್ಷೆಯೂ ಇದೆ. ‘ಪುಟ್ ಆನ್’ಗೆ ಎದುರು ‘ಟೇಕ್ ಆಫ್’. ಕೃಷ್ಣ ಮಠದ ಒಳಗೆ ಹೋಗುವಾಗ ಚಿಕ್ಕಪ್ಪ ಅಂಗಿ ತೆಗೆಯುತ್ತಾರಲ್ಲ, ಅದು ‘ಟೇಕ್ ಆಫ್’. ಹೊರಗೆ ಬಂದು ಪುನಃ ಹಾಕುತ್ತಾರಲ್ಲ, ಅದು ‘ಪುಟ್ ಆನ್’. ತೆಗೆಯುವುದಕ್ಕೆ ಎದುರಾದ ಕೆಲಸವಾದರೆ ‘ಪುಟ್ ಆನ್’, ಮೈಮೇಲೆ ಇರುವ ಸ್ಥಿತಿಯಾದರೆ ‘ವೇರ್’.

ಚಿಕ್ಕಪ್ಪ ಹಾಕಿದ ಪಟ್ಟಿಯಲ್ಲಿ ‘ಡಾನ್’ ಅಂತ ಇನ್ನೊಂದು ಶಬ್ದ ಇದೆ. ‘ಡು ಆನ್’ ಎರಡೂ ಸೇರಿ ‘ಡಾನ್’ ಆದದ್ದು. ‘ಡು ಆಫ್’ ಸೇರಿ ‘ಡಾಫ್’. ಕೋವಿಡ್ ಸಮಯದಲ್ಲಿ ನರ್ಸುಗಳು ಪಿಪಿಇ ಕಿಟ್ ಹಾಕುವ, ತೆಗೆಯುವ ಕೆಲಸಕ್ಕೆ ಆಸ್ಪತ್ರೆಗಳಲ್ಲಿ ‘ಡಾನಿಂಗ್’, ‘ಡಾಫಿಂಗ್’ ಅಂತಲೇ ಹೇಳುತ್ತಿದ್ದರು. ಪೇಪರಿನಲ್ಲೂ ಸಿಗುತ್ತದೆ. ಮನೆಮಾತಿಗೆ ಬೇಡ. ‘ಐ ಡಾನ್ಡ್ ಮೈ ಚಪ್ಪಲ್ಸ್’ ಅಂತ ಯಾರೂ ಹೇಳುವುದಿಲ್ಲ. ಬೆಳಗ್ಗೆ ಎದ್ದು ತಯಾರಾಗುವುದಕ್ಕೆ ‘ಗೆಟ್ ಡ್ರೆಸ್ಡ್’, ಮದುವೆ ಮುಂಜಿಗೆ ಚಂದ ಮಾಡಿಕೊಂಡು ಹೊರಡುವುದಕ್ಕೆ ‘ಡ್ರೆಸ್ ಅಪ್’, ಅಂಗಡಿಯಲ್ಲಿ ಸೈಜು ನೋಡಲು ಹಾಕುವುದಕ್ಕೆ ‘ಟ್ರೈ ಆನ್’. ಇಷ್ಟು ಸಾಕು.

ರೂಪ ಹೇಳಿಬಿಡುತ್ತೇನೆ. ವೇರ್, ವೋರ್, ವೋರ್ನ್. ಟೇರ್, ಟೋರ್, ಟೋರ್ನ್ ಇದ್ದ ಹಾಗೆ. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ‘ಡ್’ ಸೇರುವ ಸಾದಾ ಭೂತಕಾಲವೇ ಇತ್ತು. ಮುಂದೆ ‘ಬೇರ್’ (ಹೊರು), ‘ಟೇರ್’ (ಹರಿ) ಜೊತೆ ಸೇರಿಕೊಂಡು ಅವುಗಳ ಹಾಗೇ ಬದಲಾಯಿತು. ‘ವೇರ್ ಔಟ್’ ಅಂದರೆ ಸವೆಯುವುದು. ದಿನಾ ಮೆಟ್ಟಿದ ಚಪ್ಪಲಿಯ ಹಿಮ್ಮಡಿ ತೆಳ್ಳಗಾಗುತ್ತದಲ್ಲ, ಹಾಗೆ. ಮನುಷ್ಯರು ಕೆಲಸ ಮಾಡಿ ಸುಸ್ತಾದರೂ ‘ವೋರ್ನ್ ಔಟ್’ ಅನ್ನುತ್ತಾರೆ.

ಇನ್ನು ನನಗೆ ನಿಜವಾಗಿ ಹೇಳಬೇಕಾದದ್ದು. ಇಂಗ್ಲಿಷಿನವರು ಸೀರೆ, ಬಳೆ, ಹೂವು, ಕನ್ನಡಕ, ಸೆಂಟು, ಗಡ್ಡ ಎಲ್ಲದಕ್ಕೂ ‘ವೇರ್’ ಅನ್ನುತ್ತಾರೆ. ಮುಖದ ಮೇಲಿನ ನಗುವಿಗೂ ಅದೇ. ಅದು ಅವರ ಭಾಷೆಯ ಕ್ರಮ, ಕಲಿಯಬೇಕು. ಆದರೆ ನಾವು ಸೀರೆ ಉಡುತ್ತೇವೆ, ರವಿಕೆ ತೊಡುತ್ತೇವೆ, ಶಾಲು ಹೊದೆಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ, ಬೊಟ್ಟು ಇಡುತ್ತೇವೆ, ಹೂ ಮುಡಿಯುತ್ತೇವೆ. ಗಡ್ಡವನ್ನು ಬಿಡುತ್ತೇವೆ. ನಮ್ಮಲ್ಲಿ ತುಳು ಮಾತಾಡುವವರಿಗೆ ಬಟ್ಟೆ ತೊಡುವುದಕ್ಕೆ ‘ತುತ್ತು’ ಅಂತ ಇದೆ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಒಂದು ವೇಷ ತಯಾರಾಗುವುದನ್ನು ನೋಡು. ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ, ಕಿರೀಟ ಇಟ್ಟು ರಂಗಕ್ಕೆ ಹೋಗುತ್ತಾರೆ. ಮೈಯ ಯಾವ ಭಾಗ, ವಸ್ತು ಯಾವುದು, ಕೈ ಹೇಗೆ ಆಡುತ್ತದೆ ಎಲ್ಲವೂ ಆ ಒಂದೊಂದು ಕ್ರಿಯಾಪದದಲ್ಲೇ ಗೊತ್ತಾಗುತ್ತದೆ. (ಬಟ್ಟೆಯ ‘ಉಡುಪು’ ಈ ‘ಉಡು’ವಿನಿಂದ ಬಂದದ್ದು. ನಮ್ಮ ಊರಿನ ಹೆಸರು ಬೇರೆ. ಅದನ್ನು ನಕ್ಷತ್ರಗಳ ಒಡೆಯ ಚಂದ್ರನಿಗೆ ಸಂಸ್ಕೃತದಲ್ಲಿರುವ ‘ಉಡುಪ’ದಿಂದ ಹೇಳುವುದು ವಾಡಿಕೆ. ನೀನು ಸಣ್ಣವಳಿದ್ದಾಗ ಕೇಳಿದ್ದೆ, ಆಗ ಉತ್ತರ ಕೊಟ್ಟಿರಲಿಲ್ಲ.)

ಹೋದ ತಿಂಗಳ ಮದುವೆ ನೆನಪಿದೆಯಾ? ಬೆಳಗ್ಗೆ ಶಂಕರಪುರದಿಂದ ಮಲ್ಲಿಗೆ ತರಿಸಿದ್ದೆವು, ಎರಡು ಅಟ್ಟೆ. ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಬಾಳೆನಾರಿನಲ್ಲಿ ಒಂದೊಂದಾಗಿ ಕಟ್ಟಿದ 6,400 ಮೊಗ್ಗು. ಬಾಳೆಲೆ ಬಿಚ್ಚುವಾಗ ಕೋಣೆ ಇಡೀ ಪರಿಮಳ. ನೀನು ಓಡಿ ಬಂದು ‘ಅಜ್ಜೀ, ನನಗೂ ಮಲ್ಲಿಗೆ ಹಾಕಿ’ ಅಂದೆ. ಅಜ್ಜಿ ನಾರನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದರು. ಅದನ್ನು ಕೈಗೆ ತೆಗೆದುಕೊಂಡು, ‘ಹೂ ಹಾಕುವುದು ದೇವರಿಗೆ ಮಗಾ, ತಲೆಗೆ ಮುಡಿಯುವುದು’ ಅಂದರು. ಆಮೇಲೆ ನಿನ್ನ ಜಡೆ ಎತ್ತಿ, ಒಂದು ತುಂಡು ಕತ್ತರಿಸಿ ಮುಡಿಸಿದರು. ಕುಂದಾಪುರದ ಅತ್ತಿಗೆ ಪಕ್ಕದಲ್ಲಿದ್ದವರು, ‘ನಮ್ಮಲ್ಲಿ ಸೂಡುವುದು ಅನ್ನುತ್ತಾರೆ’ ಅಂತ ಸೇರಿಸಿದರು. ನನಗೆ ಆ ಹೊತ್ತು ಕಣ್ಣು ತುಂಬಿ ಬಂತು. ಒಂದು ತುಂಡು ಮಲ್ಲಿಗೆಗೆ ಮೂರು ಶಬ್ದ, ಮೂರೂ ಅದೇ ಕೋಣೆಯಲ್ಲಿ ಜೀವಂತ ಇದ್ದವು.

ಹೆಲ್ಮೆಟ್‌ಗೆ, ಮಾಸ್ಕ್‌ಗೆ ‘ಹಾಕು’ ಅನ್ನು, ತೊಂದರೆ ಇಲ್ಲ, ನಾನೂ ಹಾಗೇ ಹೇಳುವುದು. ಸೀರೆಗೂ ಹೂವಿಗೂ ಮಾತ್ರ ಬೇಡ. ಈಗ ಅಕ್ಕ ಮೆಸೇಜಿನಲ್ಲಿ ‘ಸೀರೆ ವೇರ್ ಮಾಡಿ ಬಾ’ ಅಂತ ಬರೆಯುತ್ತಾಳೆ. ಅಕ್ಕಾ, ಬೇಜಾರು ಮಾಡಬೇಡ, ನಿನ್ನ ಬಾಯಲ್ಲಿ ‘ಉಟ್ಟು ಬಾ’ ಎಷ್ಟು ಚಂದ ಕೇಳುತ್ತದೆ ಗೊತ್ತಾ.

ಪುಟ್ಟೀ, ನಾಳೆ ಶಾಲೆಗೆ ಹೊರಡುವ ಮೊದಲು ಎರಡು ಇಂಗ್ಲಿಷ್ ವಾಕ್ಯ ಬರೆದು ಇಲ್ಲಿ ಹಾಕು. ಒಂದು ರೈನ್‌ಕೋಟಿಗೆ ಕೈ ತೂರಿಸುತ್ತಿರುವಾಗಿನದ್ದು, ಇನ್ನೊಂದು ಅದೇ ರೈನ್‌ಕೋಟಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗಿನದ್ದು. ಚಿಕ್ಕಪ್ಪ ಉತ್ತರ ಹೇಳಿಕೊಡಬಾರದು.