ನಾಸ್ಕಾರ್ ಓಡ್ಸೋದು ಕಷ್ಟನಾ, ಫಾರ್ಮುಲಾ ಒನ್ನಾ?

ಪಿಟ್‌ಲೇನ್_ಪಾಪು: ನಾಸ್ಕಾರ್ (ಅಮೆರಿಕದ ಸ್ಟಾಕ್ ಕಾರ್ ರೇಸ್, ನೋಡೋಕೆ ಮಾಮೂಲಿ ಕಾರಿನ ಥರ ಇರೋ ರೇಸ್ ಕಾರುಗಳದ್ದು) ಅಂದ್ರೆ ಬರೀ ಎಡಕ್ಕೆ ತಿರುಗಿಸ್ಕೊಂಡು ಸುತ್ತು ಹೊಡೆಯೋದು, ಫಾರ್ಮುಲಾ ಒನ್ ಡ್ರೈವರ್‌ನ ತಂದು ಕೂರ್ಸಿದ್ರೆ ಆರಾಮಾಗಿ ಗೆಲ್ತಾನೆ ಅಂತ ನನ್ ಫ್ರೆಂಡ್ ವಾದ. ನಿಜಾನಾ? ಗೊತ್ತಿರೋರು ಹೇಳ್ರಪ್ಪ.

ಗೇರ್_ಗುರು: ಹುವಾನ್ ಪಾಬ್ಲೊ ಮೊಂಟೋಯಾ ಅನ್ನೋ ಡ್ರೈವರ್‌ನ ನೋಡಿ. ಫಾರ್ಮುಲಾ ಒನ್‌ನಲ್ಲಿ 7 ರೇಸ್, ಇಂಡಿ 500 (ಇಂಡಿಯಾನಾಪೊಲಿಸ್‌ನ 500 ಮೈಲಿ ರೇಸು) ಎರಡು ಸಲ (2000, 2015) ಗೆದ್ದವನು, ಮಧ್ಯದಲ್ಲಿ ನಾಸ್ಕಾರ್‌ನ ಟಾಪ್ ಸರಣಿ ಕಪ್‌ಗೆ ಹೋಗಿ ವರ್ಷಗಟ್ಟಲೆ ಓಡ್ಸಿದ್ರೂ ಗೆದ್ದಿದ್ದು ಎರಡೇ, 2007ರಲ್ಲಿ ಸೊನೋಮಾ, 2010ರಲ್ಲಿ ವಾಟ್ಕಿನ್ಸ್ ಗ್ಲೆನ್, ಎರಡೂ ರೋಡ್ ಕೋರ್ಸು (ಎಡಕ್ಕೂ ಬಲಕ್ಕೂ ತಿರುವಿರೋ ಟ್ರ್ಯಾಕು). ಎಡಕ್ಕೆ ಮಾತ್ರ ತಿರುಗೋ ಮೊಟ್ಟೆಯಾಕಾರದ ಓವಲ್ ಟ್ರ್ಯಾಕ್‌ನಲ್ಲಿ ಒಂದೂ ಇಲ್ಲ!! ಎಡಕ್ಕೆ ತಿರುಗ್ಸೋದು ಅಷ್ಟು ಸುಲಭ ಆಗಿದ್ರೆ ಹಿಂಗಾಗ್ತಿತ್ತಾ.

ಟೈರ್_ಹೊಗೆ: ಗಾಡಿನೇ ಬೇರೆ ಕಣ್ರೀ. ಕಪ್ ಕಾರು ಹತ್ರತ್ರ 1500 ಕೆಜಿ, ಫಾರ್ಮುಲಾ ಒನ್ನು ಅದರ ಅರ್ಧದಷ್ಟು, ಮೇಲೆ ಡೌನ್‌ಫೋರ್ಸ್ (ಗಾಳಿ ಕಾರನ್ನ ನೆಲಕ್ಕೆ ಒತ್ತೋ ಬಲ) ಸಿಕ್ಕಾಪಟ್ಟೆ, ಹಂಗಾಗಿ ಕಾರ್ನರ್ ಹತ್ರ ಬರೋವರೆಗೂ ಕಾದು ಬ್ರೇಕ್ ಒತ್ತಬಹುದು. ಕಪ್ ಕಾರಲ್ಲಿ ಅದೇ ಥರ ಒತ್ತಿದ್ರೆ ನೇರ ಗೋಡೆಗೆ. ಇನ್ನೊಂದು, ಸ್ಟಾಕ್ ಕಾರಲ್ಲಿ ಬಂಪರ್‌ಗೆ ಬಂಪರ್ ತಾಗಿಸ್ಕೊಂಡೇ ಓಡಿಸ್ತಾರೆ, ಫಾರ್ಮುಲಾ ಒನ್ ಥರ ಚಕ್ರ ಹೊರಗೇ ಇರೋ ಓಪನ್ ವೀಲ್‌ನಲ್ಲಿ ಚಕ್ರಕ್ಕೆ ಚಕ್ರ ಜೋರಾಗಿ ತಾಗಿದ್ರೆ ಸಸ್ಪೆನ್ಷನ್ನೇ ಮುರಿಯುತ್ತೆ.

ಓವಲ್_ರಾಜ: ಉಲ್ಟಾ ಕೇಸೂ ಇದೆ. ಜಿಮ್ಮಿ ಜಾನ್ಸನ್ 7 ಸಲ ಕಪ್ ಚಾಂಪಿಯನ್ನು, 2021ರಲ್ಲಿ ಇಂಡಿಕಾರ್‌ಗೆ (ಅಮೆರಿಕದ ಓಪನ್ ವೀಲ್ ಸರಣಿ, ಇಂಡಿ 500 ಇದರದ್ದೇ) ಹೋಗಿ ರೋಡ್ ಕೋರ್ಸಲ್ಲಿ ಹಿಂದೆನೇ ಉಳ್ಕೊಂಡ, ಬೆಸ್ಟ್ ಅಂದ್ರೆ 2022ರಲ್ಲಿ ಅಯೋವಾ ಓವಲ್‌ನಲ್ಲಿ 5ನೇ ಸ್ಥಾನ. ಟೋನಿ ಸ್ಟೀವರ್ಟ್ ಮಾತ್ರ ಐಆರ್‌ಎಲ್ (ಓಪನ್ ವೀಲ್ ಸರಣಿ), ಕಪ್ ಎರಡರಲ್ಲೂ ಚಾಂಪಿಯನ್.

ಗೇರ್_ಗುರು: ಮಾರಿಯೋ ಆಂಡ್ರೆಟ್ಟಿನ ಬಿಟ್ರಲ್ಲ! 1967 ಡೇಟೋನಾ 500 (ನಾಸ್ಕಾರ್‌ನ ದೊಡ್ಡ ರೇಸು), 1969 ಇಂಡಿ 500, 1978 ಫಾರ್ಮುಲಾ ಒನ್ ಚಾಂಪಿಯನ್. ಆ ಫ್ರೆಂಡ್‌ಗೆ ಇದನ್ನ ತೋರ್ಸಬೇಡಿ, ಇನ್ನೂ ಎಗರಾಡ್ತಾನೆ 😄