ಮೋಶನ್‌ನಲ್ಲಿ ರಕ್ತ, ಪೈಲ್ಸಾ ಐಬಿಡಿನಾ (ಕರುಳಿನ ದೀರ್ಘಕಾಲದ ಉರಿಯೂತ)? ಅನುಭವ ಇದ್ದೋರು ಹೇಳಿ

ತಮ್ಮನಿಗೆ 24 ವರ್ಷ. ಒಂದೂವರೆ ತಿಂಗಳಿಂದ ಹೊಟ್ಟೆ ನುಲಿಯುತ್ತೆ, ಲೂಸ್ ಮೋಶನ್, ಆಗಾಗ ರಕ್ತ. ಪೈಲ್ಸ್ ಅಂದ್ಕೊಂಡು ಮಾತ್ರೆ ತಗೋತಿದಾನೆ, ಕಮ್ಮಿ ಆಗ್ತಿಲ್ಲ. ಐಬಿಡಿ ಇರೋರಿಗೆ ಶುರುನಲ್ಲಿ ಹೇಗಿತ್ತು?

ಉತ್ತರ 1
ನಂಗೆ ಅಲ್ಸರೇಟಿವ್ ಕೊಲೈಟಿಸ್, ಐಬಿಡಿಲಿ ಒಂದು ಥರ. ನೋವಿಗಿಂತ ಅವಸರಾನೇ ಜಾಸ್ತಿ ಇತ್ತು, ಬಂತು ಅಂದ್ರೆ ಆ ಕ್ಷಣಕ್ಕೇ ಓಡ್ಬೇಕು, ಹೋಗಿ ಕೂತ್ರೆ ಬರೋದು ಒಂಚೂರು ಲೋಳೆ ರಕ್ತ, ಎದ್ದು ಬಂದ್ರೂ ಇನ್ನೂ ಒಳಗೇ ಉಳ್ಕೊಂಡಿದೆ ಅನ್ಸೋದು. ಪೈಲ್ಸಲ್ಲಿ ಸಾಮಾನ್ಯವಾಗಿ ರಕ್ತ ಮಲದ ಮೇಲ್ಮೇಲೆ ಬೀಳುತ್ತೆ, ಲೂಸ್ ಮೋಶನ್ ಅಂತೂ ಪೈಲ್ಸಿಂದ ಆಗಲ್ಲ. ನಂಗೆ ರಕ್ತ ಮಲದ ಜೊತೆ ಕಲಸ್ಕೊಂಡೇ ಬರ್ತಿತ್ತು. ರಾತ್ರಿ ನಿದ್ದೆಗೆಟ್ಟು ಎದ್ದು ಹೋಗ್ತಾನಾ ಕೇಳಿ. ಐಬಿಎಸ್ (ಉರಿಯೂತ ಇಲ್ದೇ ಕರುಳು ಕೆರಳೋ ತೊಂದರೆ) ಸಾಮಾನ್ಯವಾಗಿ ನಿದ್ದೆಯಿಂದ ಎಬ್ಬಿಸಲ್ಲ, ರಕ್ತಾನೂ ತರಲ್ಲ.

ಉತ್ತರ 2
ರಕ್ತ ಇಲ್ದೇನೂ ಐಬಿಡಿ ಇರ್ಬಹುದು ಕಣ್ರೀ. ನಮ್ಮೆಜಮಾನ್ರಿಗೆ ಕ್ರೋನ್ಸ್ (ಐಬಿಡಿಲಿ ಇನ್ನೊಂದು ಥರ), ರಕ್ತ ಕಣ್ಣಿಗೇ ಬಿದ್ದಿಲ್ಲ. ಬಲಗಡೆ ಕೆಳಹೊಟ್ಟೆ ನೋವು, ತಿಂದ್ಮೇಲೆ ಜಾಸ್ತಿ, ತೂಕ ಇಳೀತಾ ಹೋಯ್ತು, ಸಣ್ಣ ಜ್ವರ, ಬಾಯಲ್ಲಿ ಮತ್ತೆ ಮತ್ತೆ ಹುಣ್ಣು, ಮಂಡಿ ಊತ, ಒಂದ್ಸಲ ಕಣ್ಣೂ ಕೆಂಪಾಯ್ತು. ಬಾಯಿಗೆ ಒಬ್ರು, ಕಣ್ಣಿಗೆ ಒಬ್ರು, ಮಂಡಿಗೆ ಇನ್ನೊಬ್ರು ಡಾಕ್ಟ್ರು, ಹೊಟ್ಟೆಗೆ ಗ್ಯಾಸ್ಟ್ರಿಕ್ ಮಾತ್ರೆ! ಮಲದ್ವಾರದ ಪಕ್ಕ ಕೀವುಗುಳ್ಳೆ ಎದ್ದಾಗ್ಲೇ ಎಲ್ಲಾನೂ ಒಂದೇ ಕಾಯಿಲೆದು ಅಂತ ಗೊತ್ತಾಗಿದ್ದು. ಕೊಲೈಟಿಸ್ ದೊಡ್ಡ ಕರುಳಿಗೆ ಬರೋದು, ಕ್ರೋನ್ಸ್ ಬಾಯಿಂದ ಗುದದವರೆಗೆ ಎಲ್ಲಿ ಬೇಕಾದ್ರೂ ಬರುತ್ತೆ. ಹೊಟ್ಟೆಗೆ ಸಂಬಂಧ ಇಲ್ಲ ಅನ್ಸಿದ್ದನ್ನೂ ಒಂದು ಚೀಟೀಲಿ ಬರ್ಕೊಂಡು ಗ್ಯಾಸ್ಟ್ರೋ ಡಾಕ್ಟ್ರಿಗೆ ತೋರ್ಸಿ.

ಉತ್ತರ 3
ಬ್ಲಡ್ ಟೆಸ್ಟ್ ಜೊತೆ ಸ್ಟೂಲ್‌ನಲ್ಲಿ ಕ್ಯಾಲ್ಪ್ರೊಟೆಕ್ಟಿನ್ ಮಾಡಿಸ್ಬೇಕಾ ಅಂತ ಕೇಳಿ. ಅದು ಏರಿದ್ರೆ ಕರುಳಲ್ಲಿ ಉರಿಯೂತ ಇದೆ ಅಂತ ಅಷ್ಟೇ, ಇನ್ಫೆಕ್ಷನ್ ಆದ್ರೂ ಏರುತ್ತೆ, ಅದಕ್ಕೇ ಸ್ಟೂಲ್ ಕಲ್ಚರ್ ಕೂಡ ಮಾಡ್ತಾರೆ. ಪಕ್ಕಾ ಆಗೋದು ಕೊಲೊನೋಸ್ಕೋಪಿ (ಕ್ಯಾಮೆರಾ ಹಾಕಿ ಕರುಳು ನೋಡೋದು), ಬಯಾಪ್ಸಿ (ಅಲ್ಲಿಂದ ಚೂರು ತೆಗೆದು ಪರೀಕ್ಷೆ ಮಾಡೋದು) ಆದ್ಮೇಲೆ. ಕರುಳಿನ ಟಿಬಿ ಕ್ರೋನ್ಸ್ ಥರಾನೇ ಕಾಣುತ್ತೆ, ಅದಿಲ್ಲ ಅಂತ ಗೊತ್ತಾಗೋ ಮುಂಚೆ ಯಾರೋ ಹೇಳಿದ್ರು ಅಂತ ಸ್ಟೀರಾಯ್ಡ್ ನುಂಗ್ಬೇಡಿ. ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕೂ ಬೇಡ, ಕೆಲವರಿಗೆ ಕೆರಳುತ್ತೆ.

ಉತ್ತರ 4
ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಎಷ್ಟು ಸಲ ಹೋಗ್ತಿದಾನೆ ಅಂತ ನೀವು ಬರ್ದಿಲ್ಲ. ದಿನಕ್ಕೆ 6 ಸಲ ಅಥವಾ ಜಾಸ್ತಿ ರಕ್ತ ಬೆರೆತು ಹೋಗ್ತಿದ್ದು, ಜೊತೆಗೆ ಜ್ವರ, ಎದೆಬಡಿತ ಜೋರು, ಹೊಟ್ಟೆ ಉಬ್ಬರ ಇದ್ರೆ ಅಪಾಯಿಂಟ್‌ಮೆಂಟ್ ಅಂತ ಕಾಯ್ಬೇಡಿ, ಎಮರ್ಜೆನ್ಸಿಗೇ ಕರ್ಕೊಂಡ್ಹೋಗಿ. ಮೋಶನ್ ನಿಲ್ಲಿಸೋ ಮಾತ್ರೆನೂ ಕೊಡ್ಬೇಡಿ.